ಕಚೇರಿಯೂ ಪುಸ್ತಕವೂ

ಉದ್ಯೋಗ ಪುರುಷಲಕ್ಷಣವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಉದ್ಯೋಗವೆಂಬ ಮಾತಿಗೆ ಅವರ ಮನಸ್ಸಿನಲ್ಲಿದ್ದ ಅರ್ಥ ಪ್ರಯತ್ನ, ಉದ್ಯಮಶೀಲತೆ. ನಾವು ಅದನ್ನು ನೌಕರಿಯೆಂದು ತಿಳಿದುಕೊಂಡೆವು. ಪುರುಷ ಎಂಬ ಮಾತೂ ಈಗ ಸಲ್ಲುವುದಿಲ್ಲ. ಕಾಲೇಜಿನಿಂದ ಹೊರಬಿದ್ದು ಬ್ಯಾಂಕಿಗೊ ತಾಲ್ಲೂಕು ಕಚೇರಿಗೊ ಖಾಸಗಿ ಕಂಪನಿಗೊ ಸೇರುವ ನಮ್ಮ ವಿದ್ಯಾರ್ಥಿಗಳಲ್ಲಿ ಹೆಣ್ಣುಮಕ್ಕಳ ಸಂಖ್ಯೆಯೇನೂ ಕಡಮೆಯಲ್ಲ. ಗಾದೆಯ ಎರಡು ಪದಗಳೂ ಹೀಗೆ ಹಳೆಯ ಅರ್ಥ ಕಳೆದುಕೊಂಡ ಮೇಲೂ ಗಾದೆ ಮಾತ್ರ ಗಟ್ಟಿಯಾಗಿ ನಿಂತಿದೆ. ಮಗನಿಗೊ ಮಗಳಿಗೊ ಕೆಲಸದ ಆರ್ಡರು ಬಂದ ದಿನ ಮನೆಯಲ್ಲಿ ಪಾಯಸವಾಗುತ್ತದೆ, ನೆರೆಮನೆಗೆ ಸಿಹಿ ಹೋಗುತ್ತದೆ, ಅದುವರೆಗೆ ಮಾತನಾಡಿಸದಿದ್ದ ದೂರದ ನೆಂಟರಿಗೆ ಇದ್ದಕ್ಕಿದ್ದಂತೆ ನೆಂಟಸ್ತಿಕೆ ಜ್ಞಾಪಕಕ್ಕೆ ಬರುತ್ತದೆ. ಕೆಲಸ ಸಿಕ್ಕುವುದು ಹೇಗೆಂದು ಹೇಳಿಕೊಡುವುದಕ್ಕೆ ಊರಿಗೆ ನಾಲ್ಕು ಸಂಸ್ಥೆಗಳಿವೆ. ಸಿಕ್ಕಿದ ಮೇಲೆ ಬದುಕುವುದು ಹೇಗೆಂದು ಹೇಳಿಕೊಡುವವರು ಯಾರೂ ಇಲ್ಲ. ಬಹುಶಃ ಅದನ್ನು ಹೇಳಿಕೊಡುವುದು ಸಾಧ್ಯವೂ ಅಲ್ಲ. ಆದರೆ ಯೋಚಿಸಿ ನೋಡುವುದರಲ್ಲಿ ತಪ್ಪಿಲ್ಲ.

ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಹೊಸಬರ ಲೋಕ ಬಹಳ ಚಿಕ್ಕದು, ಬಹಳ ಸೊಗಸಾದದ್ದು. ತನ್ನದೆಂದು ಹೇಳಿಕೊಳ್ಳಬಹುದಾದ ಒಂದು ಮೇಜು. ಒಂದು ಕಾಲು ಸ್ವಲ್ಪ ಅಲುಗಾಡುವ ಕುರ್ಚಿ. ಬೀಗದ ಕೈ ಎಂದೋ ಕಳೆದುಹೋದ ಒಂದು ಡ್ರಾಯರು. ಹನ್ನೊಂದು ಗಂಟೆಗೆ ಬರುವ ಕಾಫಿ. ಮಧ್ಯಾಹ್ನ ಡಬ್ಬಿಯ ಮುಚ್ಚಳ ತೆಗೆದಾಗ ಮನೆಯ ಹುಳಿಯ ವಾಸನೆ. ಮೊದಲ ಸಂಬಳ ಈಗ ಕೈಗೆ ಬರುವುದಿಲ್ಲ. ಖಾತೆಗೆ ಬಂದು ಫೋನು ಒಮ್ಮೆ ಸದ್ದುಮಾಡುತ್ತದೆ, ಅಷ್ಟೆ. ಆದರೂ ಆ ಸದ್ದಿನಷ್ಟು ಇಂಪಾದ ಸದ್ದು ಇನ್ನೊಂದಿಲ್ಲ. ಆ ಭಾನುವಾರ ತಾಯಿಗೊಂದು ಸೀರೆ, ತಂದೆಯ ಕನ್ನಡಕಕ್ಕೆ ಹೊಸ ಚೌಕಟ್ಟು, ತನಗೆ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದಂಗಡಿಯಿಂದ ನಾಲ್ಕು ಪುಸ್ತಕ. ಅವುಗಳಲ್ಲೊಂದು ಕಚೇರಿಯ ಡ್ರಾಯರಿಗೆ ಸೇರುತ್ತದೆ. ಊಟದ ಬಿಡುವಿನಲ್ಲಿ ಹತ್ತು ಪುಟ, ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದರೆ ಇಪ್ಪತ್ತು ಪುಟ, ರಾತ್ರಿ ಉಂಡಮೇಲೆ ಕಣ್ಣು ತಾನಾಗಿ ಮುಚ್ಚುವತನಕ ಇನ್ನಷ್ಟು. ಮಳೆ ಬರುವ ಸಂಜೆ ಮನೆಯೊಳಗೆ ಕುಳಿತು, ಕೈಯಲ್ಲಿ ಲೋಟ, ತೊಡೆಯ ಮೇಲೆ ಪುಸ್ತಕ ಇಟ್ಟುಕೊಂಡು, "ನನಗೆ ಇಷ್ಟು ಸಾಕು" ಎಂದುಕೊಳ್ಳುವ ಹೊಸ ನೌಕರರು ನಮ್ಮ ನಡುವೆ ಅನೇಕರಿದ್ದಾರೆ.

ಇಷ್ಟು ಸಾಕೆ? ಹೀಗೆ ಸಾಕೆಂದುಕೊಳ್ಳುವುದು ಒಂದು ಗುಣವೊ, ದೋಷವೊ? ಈ ಪ್ರಶ್ನೆ ಮೇಲುನೋಟಕ್ಕೆ ಕಾಣುವಷ್ಟು ಹಗುರವಾದದ್ದಲ್ಲ.

ದೋಷವೆನ್ನುವವರು ಮೂರು ತೆರನಾದವರು. ಮೊದಲನೆಯವರು ಹಳೆಯ ಕಾಲದ ನೀತಿವಂತರು. ಸುಖ ಮನುಷ್ಯನನ್ನು ಮೆತ್ತಗೆ ಮಾಡುತ್ತದೆ, ಇಂದು ಕಾಫಿ, ನಾಳೆ ಮೆತ್ತೆ, ನಾಡಿದ್ದು ಸೋಮಾರಿತನ ಎಂಬುದು ಅವರ ಲೆಕ್ಕ. ಎರಡನೆಯವರು ಲೋಕವನ್ನು ಬದಲಿಸಬೇಕೆನ್ನುವವರು. ಹೊರಗೆ ಇಷ್ಟು ಅನ್ಯಾಯ ನಡೆಯುತ್ತಿರುವಾಗ ಕಿಟಕಿಯ ಒಳಗೆ ಕುಳಿತು ಕಾದಂಬರಿ ಓದುವವನು ಅನ್ಯಾಯಕ್ಕೆ ಕಾವಲು ಕುಳಿತಂತೆಯೇ ಸರಿ ಎಂಬುದು ಅವರ ಆರೋಪ. ಮೂರನೆಯವರು ಈ ಕಾಲದವರು. ಅವರು ಸುಖವನ್ನು ಬೈಯುವುದಿಲ್ಲ. ಸಾಕು ಎಂಬ ಮಾತನ್ನು ಬೈಯುತ್ತಾರೆ. ಇಪ್ಪತ್ತೈದನೆಯ ವಯಸ್ಸಿಗೆ ಸಾಕೆನ್ನುವುದು ಹೇಡಿತನ, ಕೆಲಸದಲ್ಲಿಯೇ ಆತ್ಮಸಾಕ್ಷಾತ್ಕಾರವಾಗಬೇಕು, ಪುಸ್ತಕ ಓದುವುದಾದರೆ ಮುಂದಿನ ಬಡ್ತಿಗೆ ಉಪಯೋಗವಾಗುವಂಥದನ್ನು ಓದು ಎಂಬುದು ಅವರ ಉಪದೇಶ.

ಮೊದಲನೆಯವರಿಗೆ ಉತ್ತರ ಹೇಳುವುದು ಸುಲಭ. ಸುಖವೆಂಬ ಮಾತಿಗೆ ಕೆಟ್ಟ ಹೆಸರು ತಂದವನೆಂದು ಪ್ರಸಿದ್ಧನಾದ ಗ್ರೀಸ್ ದೇಶದ ಎಪಿಕ್ಯೂರಸ್ ಹೇಗೆ ಬದುಕಿದನೆಂಬುದನ್ನು ನೋಡಬೇಕು. ಕ್ರಿಸ್ತಪೂರ್ವ 4ನೆಯ ಶತಮಾನದ ಕೊನೆಯ ಹೊತ್ತಿಗೆ ಅವನು ಅಥೆನ್ಸ್ ನಗರದಲ್ಲಿ ಒಂದು ತೋಟ ಮಾಡಿಕೊಂಡು, ಗೆಳೆಯರ ಜೊತೆ ಅಲ್ಲಿ ಕಾಲ ಕಳೆದ. ಸುಖವೇ ಜೀವನದ ಗುರಿ ಎಂದು ಬೋಧಿಸಿದ ಈ ಮನುಷ್ಯನ ಊಟ ಬಹುಮಟ್ಟಿಗೆ ರೊಟ್ಟಿ ಮತ್ತು ನೀರು. ಒಮ್ಮೆ ಗೆಳೆಯನಿಗೆ ಬರೆದ ಕಾಗದದಲ್ಲಿ, ಒಂದು ಸಣ್ಣ ಕುಡಿಕೆ ಚೀಸ್ ಕಳಿಸಿದರೆ ಬೇಕೆನಿಸಿದಾಗ ಹಬ್ಬದೂಟ ಮಾಡಬಹುದೆಂದು ಕೇಳಿಕೊಂಡನಂತೆ. ಒಂದು ಕುಡಿಕೆಯಲ್ಲಿ ಹಬ್ಬವನ್ನು ಕಾಣಬಲ್ಲವನನ್ನು ಸುಖ ಕೆಡಿಸೀತು ಎಂದು ಹೆದರಬೇಕಾಗಿಲ್ಲ. ಹನ್ನೊಂದು ಗಂಟೆಯ ಕಾಫಿಯನ್ನು ಮನಸಾರೆ ಸವಿಯುವವನಿಗಿಂತ, ಆ ಕಾಫಿಯನ್ನು ಗಮನವಿಲ್ಲದೆ ಗಂಟಲಿಗೆ ಸುರಿದುಕೊಂಡು ಇನ್ನೇನೋ ದೊಡ್ಡದನ್ನು ಹುಡುಕಿಕೊಂಡು ಹೋಗುವವನೇ ಕೆಡುವುದು ಹೆಚ್ಚು.

ಆದರೆ ಇಲ್ಲಿ ಸಣ್ಣ ಎಂಬ ಮಾತಿನ ಮೇಲೆ ಒತ್ತು ಇರಬೇಕು. ಸಣ್ಣ ಸುಖ ಸಣ್ಣದಾಗಿಯೇ ಉಳಿಯುವುದು ಬರಿಯ ಮಿತವ್ಯಯದ ಪ್ರಶ್ನೆಯಲ್ಲ; ಅದರ ಹಿಂದೆ ಒಂದು ಧರ್ಮಸೂಕ್ಷ್ಮವಿದೆ. ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳ ಕತೆ ನಮ್ಮವರಿಗೆಲ್ಲ ಗೊತ್ತು. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ; ಇಷ್ಟು ನಮಗೇಕೆ, ಹೆಚ್ಚಿನದನ್ನು ಎಲ್ಲಿಂದ ತಂದೆಯೋ ಅಲ್ಲಿಗೇ ಹಾಕಿ ಬಾ ಎಂದು ಕಳಿಸಿದಳು. ಈ ಕತೆಯನ್ನು ನಾವು ತ್ಯಾಗದ ಕತೆಯೆಂದು ಓದುತ್ತೇವೆ. ನನಗೆ ಅದು ಸ್ವಾತಂತ್ರ್ಯದ ಕತೆಯೆಂದೂ ತೋರುತ್ತದೆ. ಬೇಕಾದದ್ದು ಇಷ್ಟೇ ಎಂದು ತಿಳಿದವಳಿಗೆ ಯಾರ ಹಂಗೂ ಇಲ್ಲ.

ಕಚೇರಿಯಲ್ಲಿ ಕೆಲಸಮಾಡುವವರಿಗೆ ಈ ಹಂಗು ಯಾವ ರೂಪದಲ್ಲಿ ಬರುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ಪುಸ್ತಕ, ಕಾಫಿ, ಕಿಟಕಿಯ ಪಕ್ಕದ ಕುರ್ಚಿ ಇವು ತಿಂಗಳ ಕಂತು ಕೇಳುವುದಿಲ್ಲ. ಸಂಬಳ ಬರುವುದಕ್ಕೆ ಮುಂಚೆಯೇ ಅದರ ಮುಕ್ಕಾಲು ಭಾಗ ಕಾರಿನ ಕಂತಿಗೂ, ಅಗತ್ಯಕ್ಕಿಂತ ದೊಡ್ಡ ಮನೆಯ ಕಂತಿಗೂ ಬರೆದುಹೋಗಿದ್ದರೆ ಆ ನೌಕರನ ಸ್ಥಿತಿ ಬೇರೆ. ಮೇಲಿನವರು ಒಂದು ಸುಳ್ಳು ಲೆಕ್ಕವನ್ನು ಮುಂದಿಟ್ಟು "ಇಲ್ಲಿ ಒಂದು ರುಜು ಹಾಕಿಬಿಡಿ" ಎಂದಾಗ ಅವನ ಕಣ್ಣಮುಂದೆ ಬರುವುದು ಧರ್ಮವಲ್ಲ, ಮುಂದಿನ ತಿಂಗಳ 5ನೆಯ ತಾರೀಕು. ಕಳೆದುಕೊಂಡರೂ ಬದುಕಿಯೇನು ಎನ್ನಬಹುದಾದ ಸುಖ ಮಾತ್ರ ಮನುಷ್ಯನಿಗೆ "ಆಗುವುದಿಲ್ಲ" ಎನ್ನುವ ಧೈರ್ಯ ಉಳಿಸುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರು ಮೈಸೂರು ಸರ್ಕಾರದಲ್ಲಿ ದೊಡ್ಡ ಅಧಿಕಾರಿಯಾಗಿದ್ದವರು. 'ಕೆಲವು ಸಣ್ಣ ಕತೆಗಳು' ಎಂಬ ಅವರ ಸಂಕಲನ 1920ರಲ್ಲಿ ಹೊರಬಂದದ್ದು ಆ ಸೇವೆಯ ಕಾಲದಲ್ಲಿಯೆ. ತಮಗಿಂತ ಕಿರಿಯರಾದವರನ್ನು ತಮ್ಮ ಮೇಲಿನ ಪದವಿಗೆ ಏರಿಸಿದಾಗ ಅವರು ರಾಜೀನಾಮೆ ಕೊಟ್ಟು ಹೊರಗೆ ಬಂದರು. ಹೊರಗೆ ಬರುವುದಕ್ಕೆ ಅವರಿಗೆ ಒಂದು ಸ್ಥಳವಿತ್ತು. ಅದು ಬರವಣಿಗೆಯ ಮೇಜು. ಎಲ್ಲರಿಗೂ ಅಂಥ ಮೇಜು ಇರಲಾರದು. ಆದರೆ ಸಂಬಳದ ಚೀಟಿಯಿಂದ ಆಚೆಗೂ ತನಗೊಂದು ನೆಲೆಯಿದೆ ಎಂಬ ಭರವಸೆಯನ್ನು ಓದುವ ಅಭ್ಯಾಸ ಸಾಮಾನ್ಯರಿಗೂ ಸ್ವಲ್ಪಮಟ್ಟಿಗೆ ಕೊಡುತ್ತದೆ.

ಇನ್ನು ಮೂರನೆಯವರ ವಿಚಾರ. ಕೆಲಸದಲ್ಲಿಯೇ ಮನುಷ್ಯನ ಸರ್ವಸ್ವವೂ ಅರಳಬೇಕೆನ್ನುವುದು ಕೇಳುವುದಕ್ಕೆ ಚೆನ್ನಾಗಿದೆ. ಆದರೆ ರಸೀತಿ ಬರೆಯುವುದರಲ್ಲಿ, ಕಡತ ಮುಂದೂಡುವುದರಲ್ಲಿ, ಗಣಕಯಂತ್ರದ ಪರದೆಯ ಮೇಲೆ ಅಂಕಿಗಳನ್ನು ತುಂಬುವುದರಲ್ಲಿ ಯಾರ ಆತ್ಮವೂ ಪೂರ್ತಿಯಾಗಿ ಅರಳಲಾರದು. ಅರಳಿತೆಂದು ಹೇಳುವವರು ತಮ್ಮನ್ನೋ ತಮ್ಮ ಮೇಲಧಿಕಾರಿಯನ್ನೋ ಮೋಸಗೊಳಿಸುತ್ತಿರುತ್ತಾರೆ. ಹಾಗೆಂದು ಆ ಕೆಲಸ ಹೀನವೆಂದು ಅರ್ಥವಲ್ಲ. ಇಂಗ್ಲೆಂಡಿನ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1792ರಲ್ಲಿ, ಹದಿನೇಳರ ಹರೆಯದಲ್ಲಿ, ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಗೆ ಗುಮಾಸ್ತೆಯಾಗಿ ಸೇರಿದ. 1825ರಲ್ಲಿ ನಿವೃತ್ತನಾಗುವವರೆಗೆ 33 ವರ್ಷ ಅಲ್ಲಿಯೇ ಲೆಕ್ಕ ಬರೆದ. ಸೇರಿ ನಾಲ್ಕು ವರ್ಷಗಳಾಗುವಷ್ಟರಲ್ಲಿ ಅವನ ಮನೆಯ ಮೇಲೆ ಘೋರವಾದ ದುರಂತ ಎರಗಿತು. ಅಕ್ಕ ಮೇರಿ ಬುದ್ಧಿಭ್ರಮಣೆಯಲ್ಲಿ ತಾಯಿಯನ್ನು ಕೊಂದಳು. ಅವಳನ್ನು ಹುಚ್ಚರ ಆಸ್ಪತ್ರೆಯಲ್ಲಿ ಕೊಳೆಯಲು ಬಿಡದೆ, ತಾನು ನೋಡಿಕೊಳ್ಳುತ್ತೇನೆಂದು ಹೊಣೆ ಹೊತ್ತು, ಬಾಳಿನುದ್ದಕ್ಕೂ ಆ ಮಾತನ್ನು ನಡೆಸಿದವನು ಈ ಗುಮಾಸ್ತೆ. ಅಕ್ಕತಮ್ಮಂದಿರಿಬ್ಬರೂ ಸೇರಿ ಮಕ್ಕಳಿಗಾಗಿ ಬರೆದ ಷೇಕ್ಸ್‌ಪಿಯರ್ ಕತೆಗಳು 1807ರಲ್ಲಿ ಹೊರಬಂದವು, ಇವತ್ತಿಗೂ ಓದುತ್ತಾರೆ. ಆ ಮನೆಯಲ್ಲಿ ದೀಪ ಉರಿದದ್ದು, ಔಷಧ ಬಂದದ್ದು, ಹಳೆಯ ಪುಸ್ತಕಗಳು ಒಂದೊಂದಾಗಿ ಕಪಾಟು ಸೇರಿದ್ದು ಲೆಕ್ಕದ ಪುಸ್ತಕದ ಸಂಬಳದಿಂದ. ತನ್ನ ನಿಜವಾದ ಗ್ರಂಥಗಳು ಕಚೇರಿಯ ಕಪಾಟಿನಲ್ಲಿರುವ ಆ ದಪ್ಪ ಲೆಕ್ಕದ ಪುಸ್ತಕಗಳೇ ಎಂದು ಲ್ಯಾಂಬ್ ವಿನೋದವಾಗಿ ಬರೆದುಕೊಂಡಿದ್ದಾನೆ. ಆ ವಿನೋದದಲ್ಲಿ ಅರ್ಧ ಸತ್ಯವಿದೆ. ಸಂಬಳ ಯಾರನ್ನು ಸಾಕುತ್ತದೆ ಎಂಬುದನ್ನು ನೋಡದೆ ಸಂಬಳದ ಕೆಲಸವನ್ನು ಹಳಿಯಬಾರದು.

ಕಚೇರಿಗೂ ಸಾಹಿತ್ಯಕ್ಕೂ ಬದ್ಧವೈರವೆಂಬುದು ನಮ್ಮ ಪರಂಪರೆಯ ಮಾತೂ ಅಲ್ಲ. 12ನೆಯ ಶತಮಾನದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದವರು. ಕಾಯಕವೆಂಬ ಶಬ್ದ ಬಟ್ಟೆ ಒಗೆಯುವವನನ್ನೂ ದೋಣಿ ನಡೆಸುವವನನ್ನೂ ಭಂಡಾರದ ಅಧಿಕಾರಿಯನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ನಮ್ಮ ಕಾಲಕ್ಕೆ ಹತ್ತಿರದವರಾದ ಕೆ. ಎಸ್. ನರಸಿಂಹಸ್ವಾಮಿಗಳು ಸರ್ಕಾರಿ ಕಚೇರಿಗಳಲ್ಲಿ ಗುಮಾಸ್ತರಾಗಿ ದುಡಿದವರು. 1942ರಲ್ಲಿ ಪ್ರಕಟವಾದ 'ಮೈಸೂರ ಮಲ್ಲಿಗೆ'ಯ ಹಾಡುಗಳು ಕನ್ನಡದ ಮನೆಮನೆಯಲ್ಲಿ ಕೇಳಿಬಂದ ಕಾಲದಲ್ಲಿ ಅವುಗಳ ಕವಿ ಬೆಳಗ್ಗೆ ಹಾಜರಿ ಪುಸ್ತಕಕ್ಕೆ ರುಜು ಹಾಕುತ್ತಿದ್ದರು. ಆದ್ದರಿಂದ ಕಚೇರಿಗೆ ಸೇರಿದೆನೆಂಬ ಕಾರಣಕ್ಕೆ ಪುಸ್ತಕವನ್ನಾಗಲಿ, ಪುಸ್ತಕವನ್ನು ಪ್ರೀತಿಸುತ್ತೇನೆಂಬ ಕಾರಣಕ್ಕೆ ಕಚೇರಿಯನ್ನಾಗಲಿ ಬಿಡಬೇಕಾಗಿಲ್ಲ.

ಇಷ್ಟರಮಟ್ಟಿಗೆ ಹೊಸ ನೌಕರರ ಪಕ್ಷವನ್ನು ವಹಿಸಿದ್ದಾಯಿತು. ಉಳಿದದ್ದು ಎರಡನೆಯವರ ಆರೋಪ. ಅದು ಸುಲಭವಾಗಿ ತಳ್ಳಿಹಾಕುವಂಥದಲ್ಲ. ಅವರು ಕಿಟಕಿಯ ಆಚೆಗಿನ ಲೋಕವನ್ನು ತೋರಿಸುತ್ತಾರೆ. ನಾನು ಅಷ್ಟು ದೂರ ಹೋಗುವುದಿಲ್ಲ. ಕಚೇರಿಯ ಒಳಗೇ ಇರುವ ಇನ್ನೊಂದು ಕಿಟಕಿಯನ್ನು ತೋರಿಸುತ್ತೇನೆ. ಅದು ಅರ್ಜಿ ತೆಗೆದುಕೊಳ್ಳುವ ಕಿಟಕಿ.

ಪುಸ್ತಕಪ್ರಿಯರಾದ ನೌಕರರಲ್ಲಿ ಒಂದು ನಂಬಿಕೆ ತಾನಾಗಿ ಬೆಳೆಯುತ್ತದೆ. ಕಚೇರಿ ಬೇರೆ, ಬದುಕು ಬೇರೆ; ಬೆಳಗ್ಗೆ ಹತ್ತರಿಂದ ಸಂಜೆ ಐದೂವರೆಯವರೆಗಿನದು ಮಾರಿದ ಕಾಲ, ಐದೂವರೆಯ ಮೇಲಿನದು ಮಾತ್ರ ನನ್ನದು; ಅಲ್ಲಿಯತನಕ ಕೈ ಕೆಲಸ ಮಾಡಲಿ, ಮನಸ್ಸು ಡ್ರಾಯರಿನೊಳಗಿನ ಪುಸ್ತಕದಲ್ಲಿರಲಿ ಎಂಬುದು ಆ ನಂಬಿಕೆ. ಇದರಲ್ಲಿ ಒಂದು ಮರ್ಯಾದೆಯಿದೆಯೆಂದು ಅವರಿಗೆ ತೋರುತ್ತದೆ. ತಮ್ಮ ಒಳ್ಳೆಯ ಭಾಗವನ್ನು ಕಚೇರಿಯ ಧೂಳಿನಿಂದ ಕಾಪಾಡಿಕೊಂಡಂತೆ ಅನಿಸುತ್ತದೆ. ತೊಂದರೆಯೇನೆಂದರೆ, ಮಾರಿದ ಆ ಏಳೂವರೆ ಗಂಟೆ ಇನ್ನೊಬ್ಬರ ಬದುಕು. ಕಿಟಕಿಯ ಆಚೆ ಅರ್ಜಿ ಹಿಡಿದು ನಿಂತವರಿಗೆ ಅದು ಯಾವುದೊ ಒಂದು ಮಂಗಳವಾರದ ಮಧ್ಯಾಹ್ನವಲ್ಲ. ಕೂಲಿ ಬಿಟ್ಟು, ಬಸ್ಸಿಗೆ ದುಡ್ಡು ಕೊಟ್ಟು ಬಂದ ದಿನ.

ಒಂದು ಸಂದರ್ಭವನ್ನು ಊಹಿಸಿಕೊಳ್ಳೋಣ. 65 ವರ್ಷ ದಾಟಿದ ಬಡವರಿಗೆಂದು 2007ರಲ್ಲಿ ಕರ್ನಾಟಕದಲ್ಲಿ ಸಂಧ್ಯಾ ಸುರಕ್ಷಾ ಎಂಬ ಮಾಸಾಶನದ ಯೋಜನೆ ಬಂದಿತು. ಅಂಥ ಮಾಸಾಶನ ಪಡೆಯುತ್ತಿದ್ದ ಒಬ್ಬ ಅಜ್ಜಿಗೆ ಎರಡು ತಿಂಗಳಿಂದ ಹಣ ಬಂದಿಲ್ಲ. ನಾಡಕಚೇರಿಗೆ ಬಂದಿದ್ದಾಳೆ. ಕಿಟಕಿಯ ಒಳಗಿರುವವನು ಹೊಸ ಗುಮಾಸ್ತೆ, ಕನ್ನಡ ಎಂ. ಎ. ಓದಿದ ಹುಡುಗ, ಒಳ್ಳೆಯ ಓದುಗ. ಪರದೆಯನ್ನು ನೋಡುತ್ತಾನೆ. ಆಧಾರ್ ಚೀಟಿಯಲ್ಲಿ ಕೆಂಪಮ್ಮ; ಬ್ಯಾಂಕಿನ ಪುಸ್ತಕದಲ್ಲಿ ಕೆಂಚಮ್ಮ. "ಅಜ್ಜೀ, ಹೆಸರು ತಾಳೆಯಾಗುತ್ತಿಲ್ಲ. ಸರಿಮಾಡಿಸಿಕೊಂಡು ಬನ್ನಿ" ಎನ್ನುತ್ತಾನೆ. "ಎಲ್ಲಿ ಮಾಡಿಸಲಪ್ಪಾ?" ಎನ್ನುತ್ತಾಳೆ ಅಜ್ಜಿ. ಅವನು ಎಲ್ಲಿ ಎಂದು ಒಂದು ಮಾತು ಹೇಳಿ ಮುಂದಿನವರನ್ನು ಕರೆಯುತ್ತಾನೆ. ಸುಳ್ಳು ಹೇಳಲಿಲ್ಲ, ಲಂಚ ಕೇಳಲಿಲ್ಲ, ಗದರಲಿಲ್ಲ. ನಿಯಮದ ಪ್ರಕಾರ ಅವನದೇನೂ ತಪ್ಪಿಲ್ಲ. ಊಟದ ಬಿಡುವಿನಲ್ಲಿ ಡ್ರಾಯರಿನಿಂದ ಪುಸ್ತಕ ತೆಗೆಯುತ್ತಾನೆ. ಅದು ಒಬ್ಬ ಬಡ ಮುದುಕಿಯ ಕತೆಯೇ ಆಗಿರಬಹುದು. ಕತೆಯ ಮುದುಕಿಗಾಗಿ ಅವನ ಕಣ್ಣು ತೇವವಾಗುತ್ತದೆ. ಆ ಕಣ್ಣೀರು ಸುಳ್ಳಲ್ಲ. ಆದರೆ ಗಂಟೆಯ ಹಿಂದೆ ಅದೇ ಮುದುಕಿ ಕಿಟಕಿಯ ಮುಂದೆ ನಿಂತಿದ್ದಾಗ ಅವನು ಅವಳನ್ನು ಓದಲಿಲ್ಲ.

ಈ ಹುಡುಗ ಎಂ. ಎ. ತರಗತಿಯಲ್ಲಿ ಗ್ರಂಥಸಂಪಾದನೆ ಎಂಬ ವಿಷಯವನ್ನು ಓದಿದ್ದಾನೆ. ಓಲೆಗರಿಯನ್ನು ಪ್ರತಿಮಾಡುವ ಲಿಪಿಕಾರನ ಕಿವಿ ಹೇಗೆ ತಪ್ಪಿ ಕೇಳುತ್ತದೆ, ಕಣ್ಣು ಹೇಗೆ ಒಂದು ಅಕ್ಷರವನ್ನು ಇನ್ನೊಂದೆಂದು ನೋಡುತ್ತದೆ, ಹೀಗೆ ಹುಟ್ಟಿದ ಪಾಠಾಂತರಗಳಲ್ಲಿ ಕವಿಯ ಮೂಲಪಾಠ ಯಾವುದೆಂದು ಹೇಗೆ ನಿರ್ಧರಿಸಬೇಕು ಎಂಬುದೆಲ್ಲ ಅವನಿಗೆ ಗೊತ್ತು. ಪಂಪಭಾರತವನ್ನು ರೈಸ್ ಅವರು 1898ರಲ್ಲಿ ಅಚ್ಚುಮಾಡಿಸಿದ ಮೇಲೂ ನಮ್ಮ ವಿದ್ವಾಂಸರು ಅಷ್ಟಕ್ಕೇ ಬಿಡಲಿಲ್ಲ. ಬೇರೆ ಪ್ರತಿಗಳನ್ನು ಹುಡುಕಿ, ಅಕ್ಷರಕ್ಕೆ ಅಕ್ಷರ ತಾಳೆನೋಡಿ, 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನಿಂದ ಹೊಸ ಆವೃತ್ತಿಯನ್ನು ಹೊರತಂದರು. ಸಾವಿರ ವರ್ಷದ ಹಿಂದೆ ತೀರಿಕೊಂಡ ಕವಿಯ ಒಂದೊಂದು ಅಕ್ಷರಕ್ಕಾಗಿ ಅಷ್ಟು ಶ್ರಮ. ಕೆಂಪಮ್ಮ, ಕೆಂಚಮ್ಮ ಎಂಬುದೂ ಒಂದು ಪಾಠಾಂತರವೇ. ಯಾರೊ ಕೇಳಿ ಬರೆದುಕೊಂಡರು, ಯಾರೊ ನೋಡಿ ಒತ್ತಿದರು. ಒಂದು ಅಕ್ಷರ ಜಾರಿತು. ಒಂದು ಹೊಟ್ಟೆ ಖಾಲಿಯಾಯಿತು. ಇಲ್ಲಿ ವ್ಯತ್ಯಾಸವೆಂದರೆ ಕವಿ ಬದುಕಿದ್ದಾಳೆ, ಕಣ್ಣೆದುರಿಗೆ ನಿಂತಿದ್ದಾಳೆ. ನಿಮ್ಮ ಹೆಸರೇನಜ್ಜೀ ಎಂದು ಕೇಳಿದರೆ ಮೂಲಪಾಠವನ್ನು ತಾನೇ ಹೇಳುತ್ತಾಳೆ. ಅವಳ ಪರವಾಗಿ ಒಂದು ಅರ್ಜಿ ಬರೆದುಕೊಡುವುದಕ್ಕೆ, ಯಾವ ಚೀಟಿಯನ್ನು ಎಲ್ಲಿಗೆ ಒಯ್ಯಬೇಕೆಂದು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಬರೆದು ಕೈಯಲ್ಲಿಡುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷದಲ್ಲಿ ಅವನ ಎಂ. ಎ. ಸಾರ್ಥಕವಾಗುತ್ತದೆ.

ಸರದಿಯಲ್ಲಿ ಇನ್ನೂ ನಲವತ್ತು ಜನರಿದ್ದಾರೆ, ಎಲ್ಲರಿಗೂ ಹತ್ತು ನಿಮಿಷ ಎಲ್ಲಿಂದ ತರುವುದು ಎಂದು ಅನುಭವಸ್ಥರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಎಲ್ಲರ ಕತೆಯೂ ಅಷ್ಟು ಸಿಕ್ಕಾಗಿರುವುದಿಲ್ಲ. ಹೆಚ್ಚಿನವರಿಗೆ ಎರಡು ನಿಮಿಷ ಸಾಕು. ಯಾರಿಗೆ ಎರಡು, ಯಾರಿಗೆ ಹತ್ತು ಎಂದು ಗುರುತಿಸುವುದೇ ಓದು ಕಲಿಸುವ ವಿದ್ಯೆ. ಮುಖ್ಯವಾದ ವಾಕ್ಯದ ಹತ್ತಿರ ನಿಲ್ಲುವುದು, ಉಳಿದ ಕಡೆ ಬೇಗ ಸಾಗುವುದು ಒಳ್ಳೆಯ ಓದುಗನಿಗೆ ಅಭ್ಯಾಸವಾಗಿರುತ್ತದೆ. ಕಾನೂನು ಇದನ್ನು ಮಾಡಲಾರದು. ಸಕಾಲ ಎಂಬ ಹೆಸರಿನಿಂದ ಜನರಿಗೆ ಪರಿಚಿತವಾದ 2011ರ ಸೇವಾ ಖಾತರಿ ಕಾಯ್ದೆ, ಗೊತ್ತಾದ ಅವಧಿಯೊಳಗೆ ಕೆಲಸ ಮಾಡಿಕೊಡದಿದ್ದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ಅರ್ಜಿದಾರರಿಗೆ ಪರಿಹಾರ ಕೊಡಬೇಕೆಂದು ವಿಧಿಸಿತು. ತಡಮಾಡುವುದಕ್ಕೆ ಬೆಲೆ ಕಟ್ಟಿದ್ದು ಒಳ್ಳೆಯದೇ ಆಯಿತು. ಆದರೆ ಗಡುವಿನೊಳಗೇ ಕೊಟ್ಟ ನಿರ್ಲಕ್ಷ್ಯದ ಉತ್ತರಕ್ಕೆ ಯಾವ ಕಾಯ್ದೆಯೂ ಬೆಲೆ ಕಟ್ಟಲಾರದು. ಅದು ಕಿಟಕಿಯ ಒಳಗೆ ಕುಳಿತವರ ಮನಸ್ಸಿಗೆ ಬಿಟ್ಟದ್ದು.

ಕಚೇರಿಯ ಕೆಲಸಕ್ಕೂ ಓದಿನ ಕಣ್ಣಿಗೂ ನಡುವೆ ಗೋಡೆ ಇರಬೇಕಾಗಿಲ್ಲವೆಂಬುದಕ್ಕೆ ಒಂದು ವಿಚಿತ್ರವಾದ ನಿದರ್ಶನ ಪ್ರಾಗ್ ನಗರದ್ದು. ಕಾನೂನು ಪದವೀಧರನಾದ ಫ್ರಾಂಜ್ ಕಾಫ್ಕಾ 1908ರಲ್ಲಿ ಅಲ್ಲಿಯ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಗೆ ಸೇರಿ, ಕ್ಷಯರೋಗದಿಂದಾಗಿ 1922ರಲ್ಲಿ ನಿವೃತ್ತನಾಗುವವರೆಗೆ ದುಡಿದ. ಬೆಳಗ್ಗೆ 8ರಿಂದ ಮಧ್ಯಾಹ್ನ 2ರವರೆಗೆ ಕಚೇರಿ, ಬರೆಯುತ್ತಿದ್ದದ್ದು ರಾತ್ರಿ. ಕಚೇರಿ ತನ್ನ ಬರವಣಿಗೆಯನ್ನು ತಿಂದುಹಾಕುತ್ತಿದೆಯೆಂದು ಅವನು ದಿನಚರಿಯಲ್ಲಿ ಮತ್ತೆ ಮತ್ತೆ ಗೋಳಾಡಿದ್ದಾನೆ. ಕಚೇರಿಯನ್ನು ಕಂಡರಾಗದ ಲೇಖಕರ ಪಟ್ಟಿ ಮಾಡಿದರೆ ಅವನ ಹೆಸರು ಮೊದಲು ಬರಬೇಕು. ಆದರೂ ಅವನು ಕಚೇರಿಯಲ್ಲಿ ಕುಳಿತು ಏನು ಬರೆದ ಎಂಬುದನ್ನು ನೋಡಬೇಕು. ಮರದ ಹಲಗೆಯನ್ನು ನಯಮಾಡುವ ಯಂತ್ರಗಳು ಆಗ ಕೆಲಸಗಾರರ ಬೆರಳುಗಳನ್ನು ಕತ್ತರಿಸಿಹಾಕುತ್ತಿದ್ದವು. ಅಲಗುಗಳನ್ನು ಕೂರಿಸಿದ ತಿರುಗುವ ದಿಂಡು ಚೌಕವಾಗಿದ್ದುದರಿಂದ ದಿಂಡಿಗೂ ಮೇಜಿಗೂ ನಡುವೆ ಬೆರಳು ಸಿಕ್ಕಿಕೊಳ್ಳುವಷ್ಟು ಸಂದು ಬೀಳುತ್ತಿತ್ತು. ದಿಂಡು ದುಂಡಗಿದ್ದು ಅಲಗು ಅದರೊಳಗೆ ಹುದುಗಿದ್ದರೆ ಕೈ ಜಾರಿದರೂ ಗಾಯ ಸಣ್ಣದು. ಇದನ್ನು ಕಾಫ್ಕಾ ಸಂಸ್ಥೆಯ ವಾರ್ಷಿಕ ವರದಿಯಲ್ಲಿ, ಬೆರಳು ಕಳೆದುಕೊಂಡ ಕೈಗಳ ಚಿತ್ರಗಳ ಸಹಿತ, ಯಾವ ಅಲಂಕಾರವೂ ಇಲ್ಲದೆ ವಿವರಿಸಿ ಬರೆದ. ವಿಮೆಯ ಕಡತದಲ್ಲಿ ಬೆರಳೆಂದರೆ ಒಂದು ಅಂಕಿ. ಅವನು ಅಂಕಿಯ ಹಿಂದೆ ಬೆರಳನ್ನೂ, ಬೆರಳಿನ ಹಿಂದೆ ಮನುಷ್ಯನನ್ನೂ ಕಂಡ. ಕಚೇರಿಯನ್ನು ಪ್ರೀತಿಸಿದ್ದರಿಂದ ಅವನು ಹಾಗೆ ಮಾಡಿದನೆಂದು ಹೇಳುವಂತಿಲ್ಲ. ನೋಡುವುದಕ್ಕೆ ಕಲಿತ ಕಣ್ಣನ್ನು ಕಚೇರಿಯ ಬಾಗಿಲ ಹೊರಗೆ ಚಪ್ಪಲಿಯಂತೆ ಬಿಟ್ಟುಬರಲು ಅವನಿಗೆ ಆಗಲಿಲ್ಲ.

ಇಷ್ಟು ಹೇಳಿದರೆ ಒಂದು ಅಪಾಯವಿದೆ. ಹಾಗಾದರೆ ಪುಸ್ತಕ ಓದುವುದು ಒಳ್ಳೆಯ ಗುಮಾಸ್ತೆಯಾಗುವುದಕ್ಕೊ ಎಂದು ಯಾರಾದರೂ ಕೇಳಿಯಾರು. ಕೆಲವು ಸಂಸ್ಥೆಗಳು ಆಗಲೇ ಅಂಥ ಪಟ್ಟಿ ಮಾಡಿ ನೌಕರರಿಗೆ ಹಂಚಿದರೂ ಆಶ್ಚರ್ಯವಿಲ್ಲ. ಖಂಡಿತ ಅದಕ್ಕಲ್ಲ. ಹಬ್ಬದ ಅಡುಗೆಯನ್ನು ಯಾರೂ ಪುಷ್ಟಿಗೆಂದು ಮಾಡುವುದಿಲ್ಲ. ಉಂಡವರಿಗೆ ಪುಷ್ಟಿ ಬಂದರೆ ಬರಲಿ. ಸಂಜೆಯ ಓದು ಯಾವ ಉಪಯೋಗಕ್ಕೂ ಅಲ್ಲದೆ ಸಂಜೆಯ ಓದಾಗಿಯೇ ಉಳಿಯಬೇಕು. ಬರ್ಟ್ರಂಡ್ ರಸೆಲ್ 1932ರಲ್ಲಿ ಸೋಮಾರಿತನವನ್ನು ಹೊಗಳಿ ಬರೆದ ಪ್ರಬಂಧದಲ್ಲಿ ದಿನಕ್ಕೆ 4 ಗಂಟೆಯ ದುಡಿಮೆ ಸಾಕೆಂದು ವಾದಿಸಿದ. ಆ 4 ಗಂಟೆ ಇನ್ನೂ ನಮಗೆ ಬಂದಿಲ್ಲ. ಬದಲಾಗಿ ಫೋನಿನ ಮೂಲಕ ಕಚೇರಿಯೇ ರಾತ್ರಿಯ ಊಟದ ಎಲೆಯ ಹತ್ತಿರ ಬಂದು ಕುಳಿತಿದೆ. ಹೊಸ ನೌಕರರು ಈ ಅತಿಥಿಯನ್ನು ಮೊದಲ ತಿಂಗಳೇ ವಿನಯದಿಂದ, ಆದರೆ ಸ್ಪಷ್ಟವಾಗಿ, ಬಾಗಿಲ ಆಚೆ ನಿಲ್ಲಿಸಬೇಕು. ಹಗಲು ಪೂರ್ತಿಯಾಗಿ ಕೊಟ್ಟವರಿಗೆ ಸಂಜೆಯನ್ನು ಪೂರ್ತಿಯಾಗಿ ಕೇಳುವ ಹಕ್ಕು ಬರುತ್ತದೆ. ಹಗಲಿನಲ್ಲಿ ಅರ್ಧ ಮನಸ್ಸು ಇಟ್ಟವರಿಗೆ ಸಂಜೆಯೂ ಅರ್ಧವಾಗಿಯೇ ಸಿಕ್ಕುತ್ತದೆ. ಪುಸ್ತಕದ ಸಾಲುಗಳ ನಡುವೆ ಕಿಟಕಿಯ ಮುಂದಿನ ಮುಖಗಳು ಬಂದು ನಿಲ್ಲುತ್ತವೆ.

ಆದ್ದರಿಂದ ನನಗೆ ತೋರುವುದಿಷ್ಟು. ಪುಸ್ತಕವನ್ನು ದಿಂಬಿನಂತೆ ಬಳಸಬಹುದು, ಕನ್ನಡಕದಂತೆಯೂ ಬಳಸಬಹುದು. ದಿಂಬು ದಣಿದ ತಲೆಗೆ ಬೇಕೇ ಬೇಕು. ಅದನ್ನು ಹಳಿಯುವವರು ನಿಜವಾಗಿ ದಣಿದವರಲ್ಲ. ಆದರೆ ದಿಂಬನ್ನು ಕಿವಿಗೆ ಒತ್ತಿಕೊಂಡು ಹೊರಗಿನ ಕೂಗು ಕೇಳದಂತೆ ಮಾಡಿಕೊಂಡರೆ ಅಲ್ಲಿಗೆ ಸುಖ ತನ್ನ ಸಣ್ಣತನವನ್ನು ಕಳೆದುಕೊಂಡಿತು. ಸಣ್ಣ ಸುಖವೆಂದರೆ ಇನ್ನೊಬ್ಬರಿಗೂ ಜಾಗ ಬಿಟ್ಟು ಕುಳಿತುಕೊಳ್ಳುವ ಸುಖ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿದವರು ಸಂತೋಷದಿಂದ ಪುಸ್ತಕ ಬಿಚ್ಚಲಿ. ಪಕ್ಕದಲ್ಲಿ ಮಗುವನ್ನು ಎತ್ತಿಕೊಂಡು ನಿಂತವರಿದ್ದಾರೆಯೆ ಎಂದು ಒಮ್ಮೆ ತಲೆಯೆತ್ತಿ ನೋಡಿದರೆ ಸಾಕು. ಓದಿದ್ದು ಎಲ್ಲಿಗೆ ನಿಂತಿತ್ತೆಂಬುದು ಮರೆತುಹೋಗುವುದಿಲ್ಲ. ಪುಟಕ್ಕೆ ಗುರುತಿಡಲು ಹಳೆಯ ಟಿಕೆಟೊಂದು ಜೇಬಿನಲ್ಲಿ ಇದ್ದೇ ಇರುತ್ತದೆ.